ಸೊಸೈಟಿಯಲ್ಲಿಟ್ಟ ಠೇವಿಗೆ ಐದು ಲಕ್ಷದ ವಿಮೆ ಇದೆಯೇ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಚಾಲಿ ಮಾರಿದ ದುಡ್ಡು, ಮಗ ಬೆಂಗಳೂರಿನಿಂದ ಕಳಿಸಿದ್ದು ಎಲ್ಲ ಸೇರಿ 12 ಲಕ್ಷ ರೂಪಾಯಿಯನ್ನು ಊರಿನ ಸೊಸೈಟಿಯಲ್ಲಿ ಮುದ್ದತಿ ಠೇವು ಇಟ್ಟಿದ್ದೇನೆ. ಅಲ್ಲಿ ಶೇ 9 ಬಡ್ಡಿ, ಬ್ಯಾಂಕಿನಲ್ಲಿ ಶೇ 6.5. ಐದು ಲಕ್ಷದವರೆಗೆ ಸರ್ಕಾರದ ವಿಮೆ ಇದ್ದೇ ಇದೆ, ಹೆದರಬೇಡ ಎನ್ನುತ್ತಾರೆ ಪಕ್ಕದ ಮನೆಯವರು. ನಿಜವೇ?

ಉತ್ತರ: ನಿಜವಲ್ಲ. ನಿಮ್ಮ ಸೊಸೈಟಿಯ ಠೇವಿಗೆ ಆ ವಿಮೆ ಅನ್ವಯಿಸುವುದಿಲ್ಲ. ಈ ತಪ್ಪು ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಬಹಳ ಮನೆಗಳಲ್ಲಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿ. 1962ರಲ್ಲಿ ಶುರುವಾದಾಗ ಮಿತಿ ಇದ್ದದ್ದು 1,500 ರೂಪಾಯಿ. 1993ರಲ್ಲಿ ಒಂದು ಲಕ್ಷವಾಯಿತು, ಆಮೇಲೆ 27 ವರ್ಷ ಅಲ್ಲೇ ನಿಂತಿತು. ಮುಂಬೈಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕು ಕುಸಿದು ಸಾವಿರಾರು ಜನ ಬೀದಿಗೆ ಬಂದ ಮೇಲೆ, 2020ರ ಫೆಬ್ರುವರಿಯಲ್ಲಿ ಐದು ಲಕ್ಷಕ್ಕೆ ಏರಿತು. ರಾಷ್ಟ್ರೀಕೃತ ಬ್ಯಾಂಕು, ಖಾಸಗಿ ಬ್ಯಾಂಕು, ಗ್ರಾಮೀಣ ಬ್ಯಾಂಕು, ಅರ್ಬನ್ ಸಹಕಾರಿ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಇವೆಲ್ಲ ಇದರೊಳಗೆ ಬರುತ್ತವೆ. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘ ಮತ್ತು ಸೌಹಾರ್ದ ಪತ್ತಿನ ಸಹಕಾರಿಗಳು ಬರುವುದಿಲ್ಲ. ಕಾನೂನಿನ ಕಣ್ಣಿಗೆ ಅವು ಬ್ಯಾಂಕುಗಳೇ ಅಲ್ಲ. ಕಟ್ಟಡ, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೇ ಕಂಡರೂ ರಿಸರ್ವ್ ಬ್ಯಾಂಕಿನ ತಪಾಸಣೆ ಅಲ್ಲಿಗೆ ಬರುವುದಿಲ್ಲ, ಡಿಐಸಿಜಿಸಿಗೆ ಅವು ಪ್ರೀಮಿಯಂ ಕಟ್ಟುವುದೂ ಇಲ್ಲ.

ಇದನ್ನು ಓದಿ ನಾಳೆ ಬೆಳಿಗ್ಗೆಯೇ ಹೋಗಿ ಠೇವು ಮುರಿಸಬೇಡಿ. ನಮ್ಮ ಘಟ್ಟದ ಮೇಲಿನ ತೋಟಿಗರು ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಂಡದ್ದೇ ಸೊಸೈಟಿಗಳಿಂದ. ಸದಸ್ಯ ಬೆಳೆಗಾರರಿಗೆ ಕೊಡುವ ಆಸಾಮಿ ಸಾಲ, ಗೊಬ್ಬರ, ರೇಷನ್ನು, ಅಡಿಕೆ ವಿಕ್ರಿ ಎಲ್ಲಕ್ಕೂ ಅದೇ ಮನೆ. ನೂರು ವರ್ಷದ ಈ ನಂಬಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಆಡಳಿತ ಮಂಡಳಿಯೊಂದು ಕೈಚಳಕ ಮಾಡಿದ ಸಂಘದ ಬಾಗಿಲಲ್ಲಿ, ಮಗಳ ಮದುವೆಗಿಟ್ಟ ಠೇವಿನ ರಸೀದಿ ಹಿಡಿದು ಅಳುತ್ತಿದ್ದ ಹೆಂಗಸನ್ನೂ ಕಂಡಿದ್ದೇನೆ. ಅಂಥವರಿಗೆ ಕೊಡಲು ನನ್ನಲ್ಲಿ ಒಂದು ಒಳ್ಳೆಯ ಉತ್ತರವೂ ಇರಲಿಲ್ಲ.

ಮೊದಲು ಮಾಡಬೇಕಾದದ್ದು, ವಾರ್ಷಿಕ ಮಹಾಸಭೆಗೆ ಮುಂಚೆ ಮನೆಗೆ ಬರುವ ವರದಿಯನ್ನು ಬಿಡಿಸಿ ಓದುವುದು. ಲೆಕ್ಕಪರಿಶೋಧನೆಯಲ್ಲಿ ಯಾವ ವರ್ಗ ಸಿಕ್ಕಿದೆ, ಸುಸ್ತಿ ಸಾಲ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ, ಬಂದ ಠೇವಿನಲ್ಲಿ ಎಷ್ಟು ಪಾಲು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಲ್ಲಿ ಹೂಡಿಕೆಯಾಗಿದೆ, ಕೆಲವೇ ಜನರಿಗೆ ದೊಡ್ಡ ದೊಡ್ಡ ಸಾಲ ಹೋಗಿದೆಯೇ ಎಂದು ನೋಡಿ. ಅರ್ಥವಾಗದಿದ್ದರೆ ಸಭೆಯಲ್ಲಿ ಎದ್ದು ಕೇಳಿ. ನೀವು ಷೇರುದಾರರು, ಕೇಳುವುದು ನಿಮ್ಮ ಹಕ್ಕು.

ಆಮೇಲೆ ದುಡ್ಡನ್ನು ಹಂಚಿ. ಶೇ 9 ಮತ್ತು ಶೇ 6.5ರ ನಡುವಿನ ವ್ಯತ್ಯಾಸ 12 ಲಕ್ಷಕ್ಕೆ ವರ್ಷಕ್ಕೆ 30,000 ರೂಪಾಯಿ. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೂ ಕಳೆದುಕೊಂಡರೆ ಬದುಕೇ ಅಲ್ಲಾಡುವಷ್ಟು ದುಡ್ಡನ್ನು ವಿಮೆ ಇಲ್ಲದ ಕಡೆ ಇಡಬಾರದು. ನಾನಾಗಿದ್ದರೆ ಎಂಟು ಲಕ್ಷವನ್ನು ಎರಡು ಬ್ಯಾಂಕುಗಳಲ್ಲಿ ಸಮನಾಗಿ ಹಂಚಿ, ಉಳಿದದ್ದನ್ನು ಸೊಸೈಟಿಯಲ್ಲಿ ಬಿಡುತ್ತಿದ್ದೆ. ಐದು ಲಕ್ಷದ ಮಿತಿಯೊಳಗೆ ಅಸಲು, ಬಡ್ಡಿ ಎರಡೂ ಸೇರುತ್ತವೆ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಯಲ್ಲಿಟ್ಟರೂ ಕೂಡಿಸಿಯೇ ಲೆಕ್ಕ ಹಾಕುತ್ತಾರೆ.

ವಿಮೆಯ ಮಿತಿ ಇನ್ನೂ ಏರಬೇಕೇ ಎಂಬ ಚರ್ಚೆ ದೆಹಲಿಯಲ್ಲಿ ಆಗಾಗ ನಡೆಯುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ವಿಮೆಯೇ ಇಲ್ಲದ ಹಳ್ಳಿಯ ಠೇವುದಾರ. ಕೇರಳದಲ್ಲಿ ಸಹಕಾರ ಸಂಘಗಳ ಠೇವಣಿಗೆಂದೇ ಖಾತ್ರಿ ನಿಧಿ ಇದೆ, ಸಂಘಗಳೇ ಅದಕ್ಕೆ ವಂತಿಗೆ ಕೊಡುತ್ತವೆ. ನಮ್ಮ ಸಂಘಗಳ ಠೇವಿಗೂ ಅಂಥದ್ದೊಂದು ಆಸರೆ ಬೇಕೇ ಬೇಕು.

ಪ್ರಶ್ನೆ: 2025ರ ಅಕ್ಟೋಬರಿನಲ್ಲಿ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತಂತೆ. ನಮ್ಮ ಕುಮಟಾದಲ್ಲಿ ತೆಂಗಿನೆಣ್ಣೆಯಾಗಲಿ ಔಷಧವಾಗಲಿ ಅಗ್ಗವಾದದ್ದು ಕಾಣಲಿಲ್ಲ.

ಉತ್ತರ: ಇಳಿದದ್ದು ಬೆಲೆ ಏರುವ ವೇಗ. ದೇವಿಮನೆ ಘಾಟಿ ಹತ್ತುವ ಬಸ್ಸು ನಿಧಾನವಾಯಿತೆಂದರೆ ಕುಮಟಾ ಕಡೆಗೆ ಇಳಿಯುತ್ತಿದೆ ಎಂದಲ್ಲವಲ್ಲ! ಆ ತಿಂಗಳು ತರಕಾರಿ, ಬೇಳೆಗಳು ಹಿಂದಿನ ವರ್ಷಕ್ಕಿಂತ ಅಗ್ಗವಾಗಿದ್ದವು. ಆಗಿನ ಲೆಕ್ಕದಲ್ಲಿ ನೂರು ರೂಪಾಯಿ ಖರ್ಚಿಗೆ ಸುಮಾರು 46 ರೂಪಾಯಿ ಆಹಾರದ ಪಾಲು, ಆರೋಗ್ಯದ್ದು ಆರಕ್ಕಿಂತ ಕಡಿಮೆ. ದಿನಾ ಬಿಪಿ, ಶುಗರ್ ಮಾತ್ರೆ ನುಂಗುವವರಿರುವ ಮನೆಯ ಲೆಕ್ಕ ಹೀಗಿರುವುದಿಲ್ಲ. ತೆಂಗಿನೆಣ್ಣೆ ಆ ವರ್ಷ ವಿಪರೀತ ಏರಿತ್ತು. ಆದರೆ ದೇಶದ ಸರಾಸರಿಯಲ್ಲಿ ಅದರ ತೂಕ ಅತ್ಯಲ್ಪ, ಕರಾವಳಿಯ ಅಡುಗೆಮನೆಯಲ್ಲಿ ಮಾತ್ರ ದೊಡ್ಡದು.

ಹಣದುಬ್ಬರ ತಗ್ಗಿತೆಂದು ರಿಸರ್ವ್ ಬ್ಯಾಂಕು 2025ರ ಒಂದೇ ವರ್ಷದಲ್ಲಿ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ 6.5ರಿಂದ 5.25ಕ್ಕೆ ಇಳಿಸಿತು. ಸಾಲಗಾರರಿಗೆ ಅನುಕೂಲವಾಯಿತು, ಬಡ್ಡಿಯಲ್ಲೇ ಬದುಕುವ ಹಿರಿಯರಿಗೆ ಹೊಡೆತ ಬಿತ್ತು. ಬ್ಯಾಂಕಿನ ಬಡ್ಡಿ ಇಳಿದಾಗಲೇ ಜನ ಹೆಚ್ಚು ಬಡ್ಡಿ ಹುಡುಕಿಕೊಂಡು ಹೋಗುವುದು. ಶಿರಸಿಯ ಓದುಗರ ಪ್ರಶ್ನೆ ಹುಟ್ಟಿದ್ದೂ ಅಲ್ಲಿಂದಲೇ.

ಪ್ರಶ್ನೆ: ಅಡಿಕೆಗೆ ಆಮದು ಬೆಲೆ ನಿಗದಿ ಮಾಡಿದ್ದರೂ ಹೊರಗಿನ ಮಾಲು ಹೇಗೆ ಬರುತ್ತದೆ? (ಸಿದ್ದಾಪುರದಿಂದ)

ಉತ್ತರ: 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಅದಕ್ಕಿಂತ ಕಡಿಮೆ ಬೆಲೆಯ ಮಾಲು ಬರುವಂತಿಲ್ಲ. ಆದರೆ ಬೇಲಿಯಲ್ಲಿ ಕಂಡಿಗಳಿವೆ. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ ಈ ಷರತ್ತಿಲ್ಲದೆ ಅನುಮತಿ ಸಿಕ್ಕಿತು. ಕೆಲವರು ಅಡಿಕೆಯನ್ನು ‘ಹುರಿದದ್ದು’ ಎಂದು ತೋರಿಸಿ ಸುಂಕದ ಪಟ್ಟಿಯ ಬೇರೆ ಶೀರ್ಷಿಕೆಯಲ್ಲಿ ತರುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಅದಕ್ಕೂ 351ರ ಮಿತಿ ಹಾಕಿದರು. ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಬರುವುದಕ್ಕೆ ಯಾವ ದರಪಟ್ಟಿಯೂ ತಡೆಯಲ್ಲ, ಅಲ್ಲಿ ಬೇಕಾದದ್ದು ಕಾವಲು. ಸಂಸದರನ್ನು ಕೇಳುವಾಗ ಇನ್ನೊಂದು ಸುತ್ತು ಬೆಲೆ ಏರಿಸಿ ಎನ್ನುವ ಬದಲು, ಹಿಡಿದ ಮಾಲು ಏನಾಯಿತು ಎಂದು ಕೇಳಿ.

ಪ್ರಶ್ನೆ: ಆರೋಗ್ಯ ವಿಮೆಯ ಜಿಎಸ್‌ಟಿ ತೆಗೆದಿದ್ದಾರೆ. ಕಾರವಾರದ ನಮಗೆ ಇದರಿಂದೇನು ಉಪಯೋಗ?

ಉತ್ತರ: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿನ ಶೇ 18 ತೆರಿಗೆ ಪೂರ್ತಿ ಹೋಗಿದೆ. ಕಚೇರಿಯ ಗುಂಪು ಪಾಲಿಸಿಗೆ ಈ ವಿನಾಯಿತಿ ಇಲ್ಲ. ಆದರೆ ಪಾಲಿಸಿ ಹಾಸಿಗೆಯ ಖರ್ಚು ಕೊಡುತ್ತದೆ, ದಾರಿಯನ್ನು ಚಿಕ್ಕದು ಮಾಡುವುದಿಲ್ಲ. ಹೃದಯ, ತಲೆಗೆ ಪೆಟ್ಟು ಎಂದರೆ ನಮ್ಮವರು ಇವತ್ತಿಗೂ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡುತ್ತಾರೆ. ತೆರಿಗೆ ವಿನಾಯಿತಿಗಿಂತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಬೇಡಿಕೆಯೇ ದೊಡ್ಡದು ಎಂದು ಜಿಲ್ಲೆಯ ಜನ ವರ್ಷಗಳಿಂದ ಹೇಳುತ್ತಿರುವುದು ನೂರಕ್ಕೆ ನೂರು ಸರಿ.

ಮನೆಯಲ್ಲಿ ಯಾರಾದರೂ ಸಹಕಾರ ಸಂಘದ ಸದಸ್ಯರಿದ್ದರೆ ಯಶಸ್ವಿನಿ ಯೋಜನೆ ವಿಚಾರಿಸಿ. 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಬಂದಿದೆ. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ನೋಂದಣಿಗೆ ಪ್ರತಿ ವರ್ಷ ಗಡುವು ಇರುತ್ತದೆ, ಸಂಘದ ಕಾರ್ಯದರ್ಶಿಯವರನ್ನು ಈಗಲೇ ಕೇಳಿಡಿ. ಯಾವ ಕಾರ್ಡು ಮಾಡಿಸಿದರೂ, ರಾತ್ರಿ ಎರಡು ಗಂಟೆಗೆ ನೀವು ನಿಜವಾಗಿ ಹೋಗಿ ತಲುಪಬಲ್ಲ ಆಸ್ಪತ್ರೆ ಅದರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.