24-ಕ್ಯಾರೆಟ್ ಬ್ಲ್ಯಾಕ್ ಯಾರು? ಅವರ 1973ರ ಎಲ್‌ಪಿ ಅಸಲಿಯೋ ಅಲ್ಲವೋ ಗೊತ್ತುಮಾಡುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಅಮೆರಿಕದ ರ್‍ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರ ‘ಫಿಯರ್’ ಹಾಡಿನ ಒಳಗೆ ಕೇಳಿಸುವ ಹಳೇ ಹಾಡು ಯಾರದ್ದು ಅನ್ನುವುದು ಒಂದು. ಆ ಹಾಡಿನ ತಂಡವಾದ 24-ಕ್ಯಾರೆಟ್ ಬ್ಲ್ಯಾಕ್‌ನ ‘ಘೆಟ್ಟೋ: ಮಿಸ್‌ಫಾರ್ಚೂನ್ಸ್ ವೆಲ್ತ್’ ಎಲ್‌ಪಿಯನ್ನು ವಿದೇಶದ ಮಾರಾಟಗಾರರೊಬ್ಬರು ‘1973ರ ಒರಿಜಿನಲ್’ ಎಂದು ದುಬಾರಿ ಬೆಲೆಗೆ ಹಾಕಿದ್ದಾರೆ, ಕೊಳ್ಳಬಹುದೇ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಚುಟುಕು ಉತ್ತರ: ರನ್‌ಔಟ್ (ಪ್ಲೇಟಿನ ಲೇಬಲ್ ಸುತ್ತಲಿನ ನುಣುಪು ಪಟ್ಟಿ) ಫೋಟೊ ನೋಡದೆ ದುಡ್ಡು ಕಳಿಸಬೇಡಿ. ಏಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ತಂಡದ ವಿಷಯ.

ಕೆಂಡ್ರಿಕ್ ಬಳಸಿರುವುದು ‘ಪಾವರ್ಟೀಸ್ ಪ್ಯಾರಡೈಸ್’ ಎಂಬ ಹಾಡನ್ನು. ಈ ಹೆಸರನ್ನಷ್ಟೇ ಹಾಕಿ ಹುಡುಕಿದರೆ ನಾಟಿ ಬೈ ನೇಚರ್ ಎಂಬ ರ್‍ಯಾಪ್ ತಂಡದ 1995ರ ಆಲ್ಬಂ ಮೊದಲು ಎದುರಾಗುತ್ತದೆ. ಅದು ಬೇರೆ, ಗೊಂದಲ ಬೇಡ. ಮೂಲ ಹಾಡು ಹನ್ನೆರಡು ನಿಮಿಷಕ್ಕೂ ಉದ್ದದ್ದು, ನಿಧಾನವಾದದ್ದು, ಹಸಿವಿನ ಬಗ್ಗೆ.

24-ಕ್ಯಾರೆಟ್ ಬ್ಲ್ಯಾಕ್ ತಾನಾಗಿ ಹುಟ್ಟಿದ ತಂಡವಲ್ಲ. ಡೇಲ್ ವಾರೆನ್ ಎಂಬ ಒಬ್ಬ ಮನುಷ್ಯನ ತಲೆಯಲ್ಲಿದ್ದ ಯೋಜನೆಗೆ ಸಿಕ್ಕಿದ ತಂಡ ಅದು. ವಾರೆನ್ ಶಾಸ್ತ್ರೀಯ ಪಾಶ್ಚಾತ್ಯ ಸಂಗೀತ ಕಲಿತ ಪಿಟೀಲು ವಾದಕ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯಲ್ಲಿ ಅರೇಂಜರ್ (ಹಾಡಿಗೆ ವಾದ್ಯಗಳನ್ನು ಹೊಂದಿಸುವವರು) ಆಗಿದ್ದು, ಆಮೇಲೆ ಮೆಂಫಿಸ್‌ನ ಸ್ಟ್ಯಾಕ್ಸ್ ರೆಕಾರ್ಡ್ ಕಂಪನಿಗೆ ಬಂದರು. ಅಲ್ಲಿ ಗಾಯಕ ಐಸಾಕ್ ಹೇಯ್ಸ್ ಅವರ ಧ್ವನಿಮುದ್ರಣಗಳಿಗೆ ಸ್ಟ್ರಿಂಗ್ಸ್ (ಪಿಟೀಲಿನಂಥ ತಂತಿವಾದ್ಯಗಳ ಮೇಳ) ಕೂಡಿಸಿದರು. 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್‌ನ ಕ್ರೀಡಾಂಗಣದಲ್ಲಿ ಸ್ಟ್ಯಾಕ್ಸ್ ನಡೆಸಿದ ವಾಟ್‌ಸ್ಟ್ಯಾಕ್ಸ್ ಸಂಗೀತ ಕಛೇರಿ ಶುರುವಾದದ್ದು ಇವರೇ ರಚಿಸಿದ ‘ಸಾಲ್ವೇಶನ್ ಸಿಂಫನಿ’ಯಿಂದ. ಇಷ್ಟೆಲ್ಲ ಬಲ್ಲವರು ತಮ್ಮ ಕನಸಿನ ಕೆಲಸಕ್ಕೆ ಆರಿಸಿಕೊಂಡದ್ದು ಸಿನ್ಸಿನ್ಯಾಟಿಯ ‘ಡಿಟ್ಯಾಲಿಯನ್ಸ್’ ಎಂಬ ಹುಡುಗ-ಹುಡುಗಿಯರ ತಂಡವನ್ನು. ಬಹಳ ಮಂದಿಗೆ ಇಪ್ಪತ್ತೂ ತುಂಬಿರಲಿಲ್ಲ. ಹೆಸರು ಬದಲಾಯಿತು, ತಾಲೀಮು ನಡೆಯಿತು, 1973ರಲ್ಲಿ ಸ್ಟ್ಯಾಕ್ಸ್‌ನ ಉಪಲೇಬಲ್ ಎಂಟರ್‌ಪ್ರೈಸ್‌ನಲ್ಲಿ ಎಲ್‌ಪಿ ಬಂತು. ಹಾಡಿದವರಲ್ಲಿ ಪ್ರಿನ್ಸೆಸ್ ಹರ್ನ್, ಕ್ಯಾಥ್ಲೀನ್ ಡೆಂಟ್, ವ್ಯಾಲರಿ ಮಲೋನ್ ಮುಖ್ಯರು.

ಈ ಎಲ್‌ಪಿ ಆಗ ಏಕೆ ಓಡಲಿಲ್ಲ ಎಂಬುದಕ್ಕೆ ಅದನ್ನು ಒಮ್ಮೆ ಪೂರ್ತಿ ಕೇಳಿದರೆ ಸಾಕು. ರೇಡಿಯೋದವರು ಎತ್ತಿಕೊಂಡು ಹಾಕುವಂಥ ಮೂರು ನಿಮಿಷದ ಹಾಡು ಇದರಲ್ಲಿ ಇಲ್ಲವೆಂದೇ ಹೇಳಬೇಕು. ‘ಸಿನಾಪ್ಸಿಸ್’ ಎಂದು ಕರೆದ ಭಾಗಗಳು ನಾಟಕದ ಅಂಕಗಳ ಹಾಗೆ ಬರುತ್ತವೆ. ಬಡತನ, ಸರ್ಕಾರದ ಸಹಾಯಧನ, ಮಕ್ಕಳ ಹೊಟ್ಟೆ, ದೇವರ ಮೇಲಿನ ದೂರು ಒಂದರೊಳಗೊಂದು ಹೆಣೆದುಕೊಂಡಿವೆ. ‘ಫುಡ್‌ಸ್ಟ್ಯಾಂಪ್ಸ್’ನಲ್ಲಿ ಮಾತೇ ಇಲ್ಲ, ಬರೀ ಫಂಕ್ ವಾದನ. ಸ್ಟ್ಯಾಕ್ಸ್ ಆಗ ವಿತರಣೆಯನ್ನು ಸಿಬಿಎಸ್ ಎಂಬ ರೆಕಾರ್ಡ್ ಕಂಪನಿಗೆ ವಹಿಸಿತ್ತು, ಆ ಸಂಬಂಧ ಬೇಗ ಕೆಟ್ಟಿತು, 1975ರ ಡಿಸೆಂಬರ್‌ನಲ್ಲಿ ಕಂಪನಿಯೇ ದಿವಾಳಿಯಾಯಿತು. ಮಾಲು ಚೆನ್ನಾಗಿದ್ದೂ ಅಂಗಡಿಗೆ ತಲುಪದ ಕಾಲ. ಹಾಗಾಗಿ ಅಸಲಿ ಪ್ರತಿಗಳು ಕಡಿಮೆ.

ರ್‍ಯಾಪ್ ನಿರ್ಮಾಪಕರು ಇದನ್ನು ಹೆಕ್ಕಿ ತೆಗೆದ ಮೇಲೆ ಬೆಲೆ ಏರಿತು. 1990ರಲ್ಲೇ ಎರಿಕ್ ಬಿ ಮತ್ತು ರಾಕಿಮ್ ‘ಇನ್ ದ ಘೆಟ್ಟೋ’ಗೆ ಇಲ್ಲಿಂದ ತುಣುಕು ತೆಗೆದುಕೊಂಡರು. ಇಷ್ಟು ಜನ ಬಳಸಿದ್ದಾರೆ ಅಂದಮೇಲೆ ಹಾಡಿದವರಿಗೆ ದುಡ್ಡು ಬಂದಿರಬೇಕಲ್ಲ ಅಂತ ಹಲವರು ಅಂದುಕೊಳ್ಳುತ್ತಾರೆ. ಸ್ಯಾಂಪಲ್‌ಗೆ, ಅಂದರೆ ಹೀಗೆ ಹಳೇ ಹಾಡಿನ ತುಣುಕು ಬಳಸಲು, ಎರಡು ಕಡೆ ಅನುಮತಿ ಬೇಕು: ರಚನೆಯ ಹಕ್ಕು ಇರುವವರದ್ದು, ಧ್ವನಿಮುದ್ರಣದ ಹಕ್ಕು ಇರುವವರದ್ದು. ಬರೆದವರ ಸಾಲಿನಲ್ಲಿ ಹೆಸರಿಲ್ಲದ ಗಾಯಕಿಗೆ ಮೊದಲನೆಯದರಲ್ಲಿ ಪಾಲಿಲ್ಲ. ಎರಡನೆಯದು ಕಂಪನಿಯ ಕೈಯಲ್ಲಿರುತ್ತದೆ, ಗಾಯಕಿಗೆ ಏನಾದರೂ ದಕ್ಕುವುದು ಹಳೇ ಕರಾರಿನಲ್ಲಿ ಬರೆದಿದ್ದರೆ ಮಾತ್ರ. ಹದಿಹರೆಯದವರು ಸಹಿ ಹಾಕಿದ ಕರಾರುಗಳಲ್ಲಿ ಏನಿರುತ್ತಿತ್ತು ಅನ್ನುವುದನ್ನು ನೀವೇ ಊಹಿಸಿಕೊಳ್ಳಿ.

ಈಗ ನಿಮ್ಮ ಮಾರಾಟಗಾರರ ವಿಷಯ. ಅವರಿಂದ ನಾಲ್ಕು ಫೋಟೊ ಕೇಳಿ: ಕವರ್‌ನ ಹಿಂಬದಿ ಪೂರ್ತಿ, ಎರಡೂ ಬದಿಯ ಲೇಬಲ್, ಮತ್ತು ಲೇಬಲ್‌ಗೂ ಕೊನೆಯ ಗೆರೆಗೂ ನಡುವಿನ ನುಣುಪು ಪಟ್ಟಿ, ಅಂದರೆ ರನ್‌ಔಟ್. ಅಸಲಿಯ ಕ್ಯಾಟಲಾಗ್ ಸಂಖ್ಯೆ ಇಎನ್‌ಎಸ್-1030. ಆದರೆ ಸಂಖ್ಯೆ ಒಂದನ್ನೇ ನಂಬಬೇಡಿ, ಮರುಮುದ್ರಣಗಳೂ ಹಳೇ ಕವರನ್ನು ಹಾಗೇ ನಕಲು ಮಾಡುತ್ತವೆ. ಕವರ್‌ನಲ್ಲೋ ಲೇಬಲ್‌ನಲ್ಲೋ ‘ಫ್ಯಾಂಟಸಿ’ ಅಥವಾ ಬರ್ಕ್ಲಿಯ ವಿಳಾಸ ಕಂಡರೆ ಅದು 1977ಕ್ಕೆ ಈಚಿನದು, ಏಕೆಂದರೆ ಸ್ಟ್ಯಾಕ್ಸ್‌ನ ಭಂಡಾರ ಫ್ಯಾಂಟಸಿ ಕಂಪನಿಯ ಕೈಸೇರಿದ್ದೇ ಆ ವರ್ಷ. ‘ಕಾನ್ಕಾರ್ಡ್’ ಅಥವಾ ‘ಕ್ರಾಫ್ಟ್’ ಅಂತಿದ್ದರೆ 2004ರ ನಂತರದ್ದು. ಬಾರ್‌ಕೋಡ್ ಇದ್ದರೆ 1973ರದ್ದಾಗಲು ಸಾಧ್ಯವೇ ಇಲ್ಲ. ಬಾರ್‌ಕೋಡ್ ಇಲ್ಲದಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ, ಇದನ್ನು ಮರೆಯಬೇಡಿ.

ರನ್‌ಔಟ್‌ನಲ್ಲಿ ಕೆತ್ತಿರುವ ಅಕ್ಷರಗಳನ್ನು ಡಿಸ್ಕಾಗ್ಸ್ ಎಂಬ ರೆಕಾರ್ಡ್ ಮಾಹಿತಿಯ ಜಾಲತಾಣದಲ್ಲಿರುವ ಅದೇ ಮುದ್ರಣದ ಚಿತ್ರದ ಪಕ್ಕ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ಫೋಟೊದಲ್ಲಿ ಓದಲು ಬಾರದಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮತ್ತೆ ತೆಗೆಯಲು ಹೇಳಿ; ನೇರ ಬೆಳಕಿನಲ್ಲಿ ಕೆತ್ತನೆ ಮಾಯವಾಗುತ್ತದೆ. ‘ಕ್ಯಾಮೆರಾ ಸರಿಯಿಲ್ಲ’ ಎಂದು ಎರಡು ಸಲ ಜಾರಿಕೊಂಡರೆ ಬಿಟ್ಟುಬಿಡಿ. ತೂಕವನ್ನೂ ಕೇಳಬಹುದು: ಆ ಕಾಲದ ಅಮೆರಿಕನ್ ಪ್ಲೇಟುಗಳು ಸಾಮಾನ್ಯವಾಗಿ 110ರಿಂದ 140 ಗ್ರಾಂ. 180 ಗ್ರಾಂ ತೂಗಿದರೆ ಹೊಸದು. ಕವರ್‌ನ ಮೂಲೆ ಕತ್ತರಿಸಿದ್ದರೆ ಅಥವಾ ಸಣ್ಣ ತೂತಿದ್ದರೆ ಗಾಬರಿ ಬೇಡ. ಮಾರಾಟವಾಗದೆ ಉಳಿದ ಮಾಲನ್ನು ಅಗ್ಗಕ್ಕೆ ತಳ್ಳುವಾಗ ಹಾಗೆ ಗುರುತು ಮಾಡುತ್ತಿದ್ದರು. ಓಡದ ಆಲ್ಬಂಗೆ ಅದು ತಕ್ಕ ಗುರುತೇ, ಬೆಲೆ ಇಳಿಸಲು ನಿಮಗೊಂದು ನೆಪ ಕೂಡ.

ಪ್ಲೇಟಿನ ಸ್ಥಿತಿ ಹೇಳುವ ದರ್ಜೆಯ ವಿಷಯದಲ್ಲಿ ಜಿಪುಣತನ ಬೇಡ. ‘ವಿಜಿ’ ಅಂದರೆ ವೆರಿ ಗುಡ್ ಎಂದು ಹೊಸಬರು ಖುಷಿಪಡುತ್ತಾರೆ, ಆದರೆ ಆ ದರ್ಜೆಯಲ್ಲಿ ಚಟಪಟ ಸದ್ದು ಕೇಳಿಸಿಯೇ ತೀರುತ್ತದೆ. ಗದ್ದಲದ ಫಂಕ್ ಎಲ್‌ಪಿಯಲ್ಲಿ ಅದು ಮುಚ್ಚಿಹೋದೀತು. ಇಲ್ಲಿ ‘ಪಾವರ್ಟೀಸ್ ಪ್ಯಾರಡೈಸ್’ನಂಥ ಮೆಲುದನಿಯ ಉದ್ದ ಹಾಡಿನ ಮೇಲೆ ಅದು ಕೂತರೆ ಹಾಡೇ ಕೆಡುತ್ತದೆ. ವಿಜಿ ಪ್ಲಸ್‌ಗಿಂತ ಕೆಳಗೆ ಹೋಗುವ ಬದಲು ಅಧಿಕೃತ ಮರುಮುದ್ರಣ ಕೊಳ್ಳುವುದೇ ಜಾಣತನ.

ಕಳಿಸುವಾಗ ಪ್ಲೇಟನ್ನು ಒಳಚೀಲದ ಸಮೇತ ಕವರ್‌ನಿಂದ ಹೊರಗೆ ತೆಗೆದು, ಕವರ್‌ನ ಹಿಂದೆ ಇಟ್ಟು ಕಟ್ಟಲು ಹೇಳಿ. ಒಳಗೇ ಬಿಟ್ಟರೆ ದಾರಿಯಲ್ಲಿ ಅಲುಗಾಡಿ ಕವರ್‌ನ ಅಂಚನ್ನು ಸೀಳುತ್ತದೆ. ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಕೂಡಿಸಿದ ಮೇಲೆಯೇ ಬೆಲೆ ಹೋಲಿಸಿ.

ಬಂದ ತಕ್ಷಣ ಮುಳ್ಳು ಇಡಬೇಡಿ, ಮೊದಲು ತೊಳೆಯಿರಿ. 900 ಮಿಲಿ ಡಿಸ್ಟಿಲ್ಡ್ ವಾಟರ್, 100 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ಬಣ್ಣ-ವಾಸನೆ ಇಲ್ಲದ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ. ಒಣಗಿದಾಗ ಉಪ್ಪು ಗೆರೆಯೊಳಗೆ ಕೂತು ಹೊಸದಾಗಿ ಸದ್ದು ಹುಟ್ಟಿಸುತ್ತದೆ. ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆ ಹೋದ ದಿಕ್ಕಿಗೇ ಒರೆಸಿ, ಅಡ್ಡ ಉಜ್ಜಬೇಡಿ, ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಿಂದ ಇನ್ನೊಮ್ಮೆ ಒರೆಸಿ. ಈ ಹಂತ ಬಿಟ್ಟರೆ ಸೋಪಿನ ಪೊರೆ ಉಳಿದು ಮುಳ್ಳಿನ ತುದಿಗೆ ಬಿಳಿ ಹಿಟ್ಟು ಮೆತ್ತಿಕೊಳ್ಳುತ್ತದೆ. ಮನೆಯಲ್ಲಿ ಅಜ್ಜನ ಕಾಲದ 78 ಆರ್‌ಪಿಎಂ ನಾಟಕದ ತಟ್ಟೆಗಳಿದ್ದರೆ ಇದೇ ದ್ರಾವಣವನ್ನು ಅವಕ್ಕೆ ಹಾಕಬೇಡಿ. ಅವು ಅರಗಿನವು, ಆಲ್ಕೋಹಾಲ್ ತಾಗಿದರೆ ಕರಗುತ್ತವೆ. ಕರಾವಳಿ, ಮಲೆನಾಡಿನವರಾದರೆ ಹಳೇ ಕಾಗದದ ಒಳಚೀಲ ಬದಲಿಸಿ, ಇಲ್ಲವಾದರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಅಷ್ಟರವರೆಗೆ ಸ್ಟ್ರೀಮಿಂಗ್‌ನಲ್ಲಿ ಕೇಳುತ್ತಿದ್ದರೆ ಶಫಲ್ ಆಫ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದಕ್ಕೆ ಬೆರೆಸುವುದು) ಸೊನ್ನೆಗೆ ಇಡಿ. ಅಂಕಗಳು ಹಿಂದುಮುಂದಾದರೆ ವಾರೆನ್ ಕಟ್ಟಿದ್ದು ಬಿಡಿ ಹಾಡುಗಳ ಸಂತೆಯಂತೆ ಕೇಳಿಸುತ್ತದೆ.

ಇವರದ್ದೇ ಇನ್ನೊಂದು ಬೇಕೆಂದರೆ, ಎರಡನೆಯ ಆಲ್ಬಂಗೆಂದು ಮುದ್ರಿಸಿದ್ದ ಟೇಪುಗಳು ಸ್ಟ್ಯಾಕ್ಸ್ ಮುಳುಗಿದ ಮೇಲೆ ದಶಕಗಟ್ಟಲೆ ಬಿದ್ದಿದ್ದವು. ಬಹುಪಾಲು ಹಾಳಾಗಿ, ಉಳಿಸಲು ಸಾಧ್ಯವಾದ ಆರು ಹಾಡುಗಳನ್ನು ಶಿಕಾಗೋದ ನ್ಯೂಮೆರೊ ಗ್ರೂಪ್ 2009ರಲ್ಲಿ ‘ಗಾನ್: ದ ಪ್ರಾಮಿಸಸ್ ಆಫ್ ಯೆಸ್ಟರ್‌ಡೇ’ ಎಂದು ಹೊರತಂದಿತು. ವಾರೆನ್ 1994ರಲ್ಲೇ ತೀರಿಕೊಂಡಿದ್ದರು. ಆ ಆಲ್ಬಂನಲ್ಲಿ ಘೆಟ್ಟೋ (ಬಡವರ ಕೇರಿ) ಇಲ್ಲ, ಮುರಿದ ಪ್ರೇಮ ಇದೆ. ಪೂರ್ಣಗೊಳ್ಳದ ಕೆಲಸ ಅನ್ನುವುದೂ ಕಿವಿಗೆ ತಿಳಿಯುತ್ತದೆ. ರ್‍ಯಾಪ್ ಗಾಯಕ ಪುಷಾ ಟಿ ಅವರ 2018ರ ‘ಇನ್ಫ್ರಾರೆಡ್’ ಹಿಂದಿರುವ ‘ಐ ವಾಂಟ್ ಟು ಮೇಕ್ ಅಪ್’ ಇದರಲ್ಲೇ ಇದೆ. ಇದಕ್ಕೆ 1973ರ ಅಸಲಿ ಎಂಬುದೇ ಇಲ್ಲ, ಆದ್ದರಿಂದ ಯಾರಾದರೂ ‘ವಿಂಟೇಜ್ ಪ್ರತಿ’ ಎಂದು ಬೆಲೆ ಹೇಳಿದರೆ ಮುಂದಿನ ಮಾತು ಆಡಬೇಕಿಲ್ಲ.