ಬಲಗಿವಿಯಲ್ಲಿ ಬೇಸ್ ಸೋರುತ್ತಿದ್ದರೆ: ಮೊದಲು ಟಿಪ್, ಆಮೇಲೆ ಉಳಿದದ್ದು

ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ. ಹೊಸ ದುಬಾರಿ ಇಯರ್‌ಫೋನಿನ ಬಲಭಾಗದಲ್ಲಿ ಬೇಸ್ ಕಡಿಮೆ, ಅರ್ಧ ಗಂಟೆಯಾದರೆ ಎಡಗಿವಿ ನೋವು, ಲ್ಯಾಪ್‌ಟಾಪಿಗೆ ಹಾಕಿದರೆ ಸುಯ್ ಎನ್ನುವ ಸದ್ದು. ಈಗಾಗಲೇ ಉತ್ತರ ಕೊಟ್ಟವರು ಕೇಬಲ್ ಬದಲಿಸಿ ಅಂದಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಈ ಮೂರರಲ್ಲಿ ಮೊದಲ ಎರಡು ಹೆಚ್ಚಾಗಿ ಟಿಪ್‌ನ, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿಯ ಸಮಸ್ಯೆ, ಮೂರನೆಯದು ಲ್ಯಾಪ್‌ಟಾಪಿನದು. ಕೇಬಲ್ ಸಾಲಿನಲ್ಲಿ ಕೊನೆಗೆ ನಿಲ್ಲಬೇಕಾದ ಆರೋಪಿ.

ಮೊದಲು ತಪ್ಪು ಎಲ್ಲಿದೆ ಅಂತ ಹಿಡಿಯಿರಿ. ಬೇಸ್ ಚೆನ್ನಾಗಿರುವ ಹಾಡೊಂದನ್ನು ಹಾಕಿ, ಬಲಭಾಗವನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ, ಸ್ವಲ್ಪ ಮೇಲೆ ಕೆಳಗೆ ವಾಲಿಸಿ. ಒತ್ತಿದಾಗ ಬೇಸ್ ತುಂಬಿಕೊಂಡು, ಬಿಟ್ಟಾಗ ಹೋದರೆ ಸೀಲ್ (ಟಿಪ್ ಕಿವಿನಾಳವನ್ನು ಮುಚ್ಚುವ ಬಿಗಿ) ಸೋರುತ್ತಿದೆ, ಬೇರೆ ತಪಾಸಣೆ ಬೇಡ. ಒತ್ತಿದರೂ ಬದಲಾಗದಿದ್ದರೆ ಕೇಬಲಿನ ಎಡ ಬಲ ತುದಿಗಳನ್ನು ಇಯರ್‌ಫೋನಿನಿಂದ ಬಿಚ್ಚಿ ಅದಲುಬದಲು ಮಾಡಿ ಸಿಕ್ಕಿಸಿ ಕೇಳಿ. ಕಿವಿಕೊಕ್ಕೆ ಉಲ್ಟಾ ತಿರುಗಿರುತ್ತದೆ, ಒಂದು ನಿಮಿಷಕ್ಕೆ ಪರವಾಗಿಲ್ಲ. ದೋಷ ಎಡಕ್ಕೆ ಹೋದರೆ ಕೇಬಲ್ ಅಥವಾ ಅದರ ಹಿಂದಿನ ಯಂತ್ರ, ಬಲದಲ್ಲೇ ಉಳಿದರೆ ಆ ಇಯರ್‌ಫೋನ್ ಇಲ್ಲವೇ ನಿಮ್ಮ ಕಿವಿ. ಆಗ ಟಿಪ್ ತೆಗೆದು, ಮೂತಿಯ (ಟಿಪ್ ಕೂರುವ ಸಣ್ಣ ಕೊಳವೆಯ) ತುದಿಯ ಜಾಲರಿಯನ್ನು ದೀಪಕ್ಕೆ ಹಿಡಿದು ನೋಡಿ. ಎಡದ ಜಾಲರಿಯಲ್ಲಿ ತೂತುಗಳು ಒಂದೊಂದೂ ಕಂಡು ಬಲದ್ದು ಮೇಣ ಹಚ್ಚಿದ ಹಾಗೆ ಮಿನುಗಿದರೆ ಗುಗ್ಗೆ ಕಟ್ಟಿದೆ. ಆದರೆ ಗುಗ್ಗೆ ಕಟ್ಟಿದಾಗ ಸಾಮಾನ್ಯವಾಗಿ ಮೊದಲು ಮಂಕಾಗುವುದು ಟ್ರೆಬಲ್, ಅಂದರೆ ಮೇಲಿನ ಸ್ವರ, ಬಳಿಕ ಇಡೀ ಭಾಗದ ಸದ್ದೇ ತಗ್ಗುತ್ತದೆ. ಬೇಸ್ ಮಾತ್ರ ಹೋಗಿದೆ ಅಂದರೆ ಅನುಮಾನ ಸೀಲ್ ಮೇಲೆಯೇ.

ಯಾಕೆ ಬೇಸ್ ಮಾತ್ರ? ಟಿಪ್‌ಗೂ ಕಿವಿತಮಟೆಗೂ ನಡುವೆ ಉಳಿಯುವ ಗಾಳಿ ತೀರಾ ಸ್ವಲ್ಪ. ಆ ಮುಚ್ಚಿದ ಗಾಳಿಯನ್ನು ಒತ್ತಿ ಎಳೆದೇ ಇಷ್ಟು ಸಣ್ಣ ಡ್ರೈವರ್ (ಸದ್ದು ಹುಟ್ಟಿಸುವ ಭಾಗ) ಅಷ್ಟು ಬೇಸ್ ಕೊಡುತ್ತದೆ. ಕಣ್ಣಿಗೆ ಕಾಣದಷ್ಟು ಸಂದಿ ಇದ್ದರೂ ನಿಧಾನವಾಗಿ ಏರಿಳಿಯುವ ಒತ್ತಡ, ಅಂದರೆ ಕೆಳಗಿನ ಸ್ವರ, ಅದರಲ್ಲಿ ಸೋರಿಹೋಗುತ್ತದೆ. ವೇಗವಾಗಿ ಕಂಪಿಸುವ ಮೇಲಿನ ಸ್ವರಕ್ಕೆ ಸೋರಲು ಸಮಯವಿಲ್ಲ. ಆದ್ದರಿಂದಲೇ ಸೀಲ್ ಕೆಟ್ಟ ಇಯರ್‌ಫೋನ್ ಕೆಟ್ಟುಹೋದ ಹಾಗೆ ಕೇಳುವುದಿಲ್ಲ, ತೆಳ್ಳಗೆ, ಚುರುಕಾಗಿ, ಒಂದು ಥರ ತವರದ ಡಬ್ಬಿಯೊಳಗಿನ ಹಾಗೆ ಕೇಳುತ್ತದೆ. ಇದನ್ನೇ ಎಷ್ಟೋ ಜನ ಆ ಮಾಡೆಲಿನ ಸ್ವಭಾವ ಅಂದುಕೊಂಡು ಮಾರಿಬಿಡುತ್ತಾರೆ.

ಎರಡು ಕಿವಿಗೂ ಒಂದೇ ಅಳತೆ ಬೇಕು ಎಂಬ ನಿಯಮವಿಲ್ಲ. ಎಡಕ್ಕೆ ಎಂ, ಬಲಕ್ಕೆ ಎಲ್ ಹಾಕುವವರು ಬೇಕಾದಷ್ಟು ಜನ. ನಿಮ್ಮ ಎಡಗಿವಿ ನೋಯುತ್ತಿದೆ, ಬಲಗಿವಿಯ ಸೀಲ್ ಸೋರುತ್ತಿದೆ ಅಂದರೆ ಒಂದೇ ಅಳತೆಯನ್ನು ಎರಡಕ್ಕೂ ಹಾಕಿದ್ದೀರಿ ಅಂತಲೇ ನನ್ನ ಊಹೆ. ಎಡಕ್ಕೆ ಒಂದು ಅಳತೆ ಕಡಿಮೆ, ಬಲಕ್ಕೆ ಒಂದು ಹೆಚ್ಚು ಹಾಕಿ ನೋಡಿ. ಒಂದು ಕಂಪನಿಯ ಎಂ ಇನ್ನೊಂದರ ಎಂ ಅಲ್ಲ. ಹೊರವ್ಯಾಸವನ್ನು ಮಿಲಿಮೀಟರಿನಲ್ಲಿ ನೋಡಿ ಹೋಲಿಸಿ, ಅರ್ಧ ಮಿಲಿಮೀಟರಿಗೂ ಕಿವಿಯಲ್ಲಿ ಬೆಲೆಯಿದೆ. ಫೈನಲ್ ಟೈಪ್ ಇ ನಂಥ ಟಿಪ್‌ಗಳು ಎಸ್‌ಎಸ್‌ನಿಂದ ಎಲ್‌ಎಲ್‌ವರೆಗೆ ಐದು ಅಳತೆಯಲ್ಲಿ ಸಿಗುತ್ತವೆ. ಪೆಟ್ಟಿಗೆಯಲ್ಲಿ ಬಂದ ಮೂರೇ ಜೊತೆಯಲ್ಲಿ ಹೆಣಗುವುದಕ್ಕಿಂತ ಅಂಥದೊಂದು ಪೂರ್ತಿ ಸೆಟ್ ತರಿಸಿಕೊಳ್ಳುವುದು ಮೇಲು.

ಹೊರವ್ಯಾಸದಷ್ಟೇ ಮುಖ್ಯ ಟಿಪ್‌ನ ಒಳಕೊಳವೆ. ಅದು ಮೂತಿಯ ಮೇಲೆ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಇಯರ್‌ಫೋನ್ ಹೊರಬರುತ್ತದೆ, ಟಿಪ್ ಕಿವಿಯೊಳಗೇ ಉಳಿಯುತ್ತದೆ. ಹಾಗಾದರೆ ಪಿನ್ನು, ಚಿಮಟ ಹಾಕಿ ಕೆದಕಬೇಡಿ, ಇನ್ನೂ ಒಳಗೆ ತಳ್ಳುತ್ತೀರಿ. ನೇರ ಕಿವಿ ವೈದ್ಯರ ಹತ್ತಿರ ಹೋಗಿ. ತುದಿಯ ತೂತು ಅಗಲವಾಗಿದ್ದರೆ ಟ್ರೆಬಲ್ ಹಾಗೇ ದಾಟುತ್ತದೆ, ಕಿರಿದಾಗಿದ್ದರೆ ಸ್ವಲ್ಪ ಮೆತ್ತಗಾಗುತ್ತದೆ.

ಸಿಲಿಕೋನಿನಲ್ಲಿ ಯಾವ ಅಳತೆಯೂ ಹೊಂದದಿದ್ದರೆ ಫೋಮ್. ಶುಚಿ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಸುಕ್ಕಿಲ್ಲದ ಹಾಗೆ ಒಳಗಿಟ್ಟು, ಅದು ಅರಳುವ ತನಕ ಇಪ್ಪತ್ತು ಮೂವತ್ತು ಸೆಕೆಂಡು ಬೆರಳಲ್ಲಿ ಹಿಡಿದಿರಿ. ಹಿಡಿಯದೆ ಬಿಟ್ಟರೆ ಅರಳುತ್ತಾ ತನ್ನನ್ನೇ ಹೊರಕ್ಕೆ ನೂಕಿಕೊಳ್ಳುತ್ತದೆ. ಚಳಿಯಲ್ಲಿ ಫೋಮ್ ಗಡುಸಾಗಿರುತ್ತದೆ, ಮುಷ್ಟಿಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಸಲೀಸು. ಇದರ ಕುಂದು ಎರಡು: ಟ್ರೆಬಲ್ ಕೊಂಚ ಹೀರುತ್ತದೆ, ದಿನವೂ ಬಳಸಿದರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಹೊಸೆದು ಬಿಟ್ಟ ಕೂಡಲೇ ಠಣ್ಣನೆ ಅರಳಿದರೆ ಅಥವಾ ಅರಳದೆ ಅಂಟಂಟಾಗಿ ಉಳಿದರೆ ಎಸೆಯಿರಿ.

ಇನ್ನು ಹಾಕುವ ಕ್ರಮ. ನೇರ ತಳ್ಳಿದರೆ ಕೂರುವುದಿಲ್ಲ, ಕಿವಿನಾಳ ನೇರವಾಗಿಲ್ಲ. ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ನಾಳ ತುಸು ನೆಟ್ಟಗಾಗುತ್ತದೆ. ಬಾಯಿ ಅರ್ಧ ತೆರೆಯಿರಿ. ಇಯರ್‌ಫೋನನ್ನು ಮುಂದಕ್ಕೆ ವಾಲಿಸಿ ಮೂತಿಯನ್ನು ಒಳಗಿಟ್ಟು, ಹಿಂದಕ್ಕೆ ತಿರುಗಿಸುತ್ತಾ ನಿಧಾನವಾಗಿ ಕೂರಿಸಿ. ಹಾಲೆ ಬಿಡಿ, ಬಾಯಿ ಮುಚ್ಚಿ. ಕೇಬಲನ್ನು ಕಿವಿಯ ಮೇಲಿಂದ ಹಾಯಿಸಿ ಗದ್ದದ ಕೆಳಗಿನ ಜಾರುಗುಂಡಿಯನ್ನು ಏರಿಸಿ. ಹೀಗೆ ಮಾಡಿದರೆ ನಡೆಯುವಾಗ ಕೇಬಲ್ ಬಟ್ಟೆಗೆ ತಾಗಿ ಕಿವಿಗೆ ಬರುವ ಟಪಟಪ ಸದ್ದೂ ಕಡಿಮೆಯಾಗುತ್ತದೆ. ಸರಿಯಾಗಿ ಕೂತರೆ ನಿಮ್ಮ ಮಾತೇ ತಲೆಯೊಳಗೆ ಗುಂಯ್ ಅನ್ನಬೇಕು, ಎರಡೂ ಕಡೆ ಒಂದೇ ಸಮ. ಮಾತಾಡುವಾಗ, ಅಗಿಯುವಾಗ ಸೀಲ್ ಬಿಟ್ಟುಹೋಗುತ್ತದೆ ಅಂದರೆ ದವಡೆ ಆಡಿದ ಹಾಗೆ ನಾಳದ ಆಕಾರ ಬದಲಾಗುತ್ತಿದೆ. ಅದಕ್ಕೆ ದೊಡ್ಡ ಟಿಪ್‌ಗಿಂತ ಮೆತ್ತನೆಯ ಟಿಪ್ ಒಳ್ಳೆಯದು. ಪರೀಕ್ಷೆಗೆ 30 ಹರ್ಟ್ಸ್ ಟೋನ್ (ತೀರಾ ಕೆಳಗಿನ ಸ್ವರ) ಒಂದನ್ನು ಸಣ್ಣಗೆ ಹಾಕಿ, ಎರಡೂ ಕಡೆ ಸಮನಾಗಿ ಕೇಳಿದರೆ ಸೀಲ್ ಸರಿ.

ಒಳಗೆ ಹಾಕುವಾಗ ಚಟ್ ಅಂತ ಕಾಗದ ಸುಕ್ಕಿದ ಸದ್ದು ಬಂದರೆ ಗಾಬರಿ ಬೇಡ. ಒತ್ತಿದ ಗಾಳಿಗೆ ಡೈನಾಮಿಕ್ ಡ್ರೈವರಿನ ಪೊರೆ ಬಾಗುತ್ತಿದೆ ಅಷ್ಟೆ. ನಿಧಾನಿಸಿ, ಹಾಲೆ ಎಳೆದೇ ಹಾಕಿ. ತೆಗೆಯುವಾಗಲೂ ಮೊದಲು ತುಸು ತಿರುಗಿಸಿ ಗಾಳಿ ಬಿಟ್ಟು ಆಮೇಲೆ ಹೊರಗೆಳೆಯಿರಿ.

ಆಳದ ವಿಷಯವನ್ನು ಯಾರೂ ಹೇಳುವುದಿಲ್ಲ, ಆದರೆ ಸ್, ಶ್ ಅಕ್ಷರಗಳು ಕಿವಿ ಚುಚ್ಚುತ್ತಿದ್ದರೆ ಮೊದಲು ನೋಡಬೇಕಾದ್ದು ಅದನ್ನೇ. ದೊಡ್ಡವರ ಕಿವಿನಾಳ ಸುಮಾರು 25 ಮಿಲಿಮೀಟರ್ ಉದ್ದ. ಟಿಪ್‌ನಿಂದ ತಮಟೆಯವರೆಗೆ ಉಳಿದ ಗಾಳಿಕಂಬ ಒಂದು ನಿರ್ದಿಷ್ಟ ಸ್ವರದಲ್ಲಿ ಅನುರಣಿಸಿ ಅಲ್ಲೊಂದು ಏರು ಎಬ್ಬಿಸುತ್ತದೆ. ಆಳಕ್ಕೆ ಹಾಕಿದಷ್ಟೂ ಕಂಬ ಗಿಡ್ಡವಾಗಿ ಆ ಏರು ಮೇಲಿನ ಸ್ವರಕ್ಕೆ ಸರಿಯುತ್ತದೆ. ಐಇಸಿ 60318-4 ಕಪ್ಲರಿನಲ್ಲಿ (ಅಳತೆಗೆಂದೇ ಇರುವ ಕೃತಕ ಕಿವಿಯಲ್ಲಿ) ಇಯರ್‌ಫೋನನ್ನು ಅಳೆಯುವವರು ಹೋಲಿಕೆ ಸುಲಭವಾಗಲಿ ಅಂತ ಈ ಏರನ್ನು ಸುಮಾರು 8 ಕಿಲೋಹರ್ಟ್ಸ್‌ಗೆ ಹೊಂದಿಸುವುದು ರೂಢಿ. ನೀವು ನೋಡುವ ಗ್ರಾಫಿನಲ್ಲಿ ಅಲ್ಲಿ ಕಾಣುವ ಗುಡ್ಡ ನಿಮ್ಮ ಕಿವಿಯಲ್ಲೂ ಅಲ್ಲೇ ಇರುತ್ತದೆ ಅಂತ ನಂಬಬೇಡಿ. ಗ್ರಾಫ್ ನೋಡಿ ಈಕ್ವಲೈಜರ್ ತಿರುಗಿಸುವ ಮೊದಲು ಒಂದು ಅಳತೆ ಚಿಕ್ಕ ಟಿಪ್ ಹಾಕಿ ಎರಡು ಮಿಲಿಮೀಟರ್ ಆಳಕ್ಕೆ ಕೂರಿಸಿ ಕೇಳಿ.

ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಬರುತ್ತದೆಯೇ ನೋಡಿ. ನಾಳದೊಳಗೆ ಸುತ್ತ ಉರಿದರೆ ಟಿಪ್ ದೊಡ್ಡದು. ಹೊರಗಿನ ಬಟ್ಟಲಿನ ಅಂಚಿನಲ್ಲಿ ಒಂದೇ ಕಡೆ ಒತ್ತಿದರೆ ಇಯರ್‌ಫೋನಿನ ಕವಚ ದೊಡ್ಡದು. ಎರಡನೆಯದಕ್ಕೆ ಉದ್ದ ಕತ್ತಿನ ಟಿಪ್ ಹಾಕಿ ಕವಚವನ್ನು ಒಂದೆರಡು ಮಿಲಿಮೀಟರ್ ಹೊರಕ್ಕೆ ನಿಲ್ಲಿಸಬಹುದು. ಅದಕ್ಕೂ ಬಗ್ಗದಿದ್ದರೆ ಆ ಆಕಾರ ನಿಮಗಲ್ಲ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ತೀರ್ಮಾನಿಸಿ. ತುರಿಕೆ, ಕಿವಿ ಸೋರುವುದು, ತೆಗೆದ ಮೇಲೂ ನಿಲ್ಲದ ಗುಂಯ್ ಸದ್ದು ಇದ್ದರೆ ಟಿಪ್ ಪ್ರಯೋಗ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕಿವಿಯ ಅಚ್ಚು ತೆಗೆಸಿ ಅದೇ ಆಕಾರದ ಕಸ್ಟಮ್ ಇಯರ್‌ಫೋನ್ ಮಾಡಿಸಿ ಎಂಬ ಸಲಹೆಯೂ ಬಂದಿದೆ. ಟಿಪ್‌ಗಳನ್ನೆಲ್ಲ ನೋಡಿದ ಮೇಲೆ ಮಾತ್ರ ಆ ದಾರಿ. ಅಚ್ಚಿಗೆ ಮೊದಲು ಕಿವಿ ಶುಚಿಯಾಗಿರಬೇಕು, ತಮಟೆಗೆ ರಕ್ಷಣೆಯಾಗಿ ಒಳಗೆ ಹತ್ತಿಯ ಅಥವಾ ಫೋಮಿನ ತಡೆ ಇಡಬೇಕು, ಅಚ್ಚು ನಾಳದ ಎರಡನೇ ತಿರುವು ದಾಟಿರಬೇಕು, ಸಿಲಿಕೋನ್ ಗಟ್ಟಿಯಾಗುವ ತನಕ ಬಾಯಿ ತೆರೆದಿರಲು ಹಲ್ಲಿನ ನಡುವೆ ಒಂದು ತುಂಡನ್ನು ಅಡ್ಡ ಕಚ್ಚಿರಬೇಕು. ತಯಾರಕರು ಬೇರೆ ಥರ ಕೇಳಿದ್ದರೆ ಅವರು ಹೇಳಿದ ಹಾಗೆ. ಮರುಮಾರಾಟದ ಆಸೆ ಬಿಟ್ಟುಬಿಡಿ, ನಿಮ್ಮ ಕಿವಿಯ ಆಕಾರ ಇನ್ನೊಬ್ಬರಿಗೆ ಬೇಡ.

ಈಗ ಲ್ಯಾಪ್‌ಟಾಪಿನ ಸುಯ್. ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ (ಇನ್ನೊಂದು ಬಗೆಯ ಪುಟ್ಟ ಡ್ರೈವರ್) ಇರುವ ಇಯರ್‌ಫೋನ್‌ಗಳು ತೀರಾ ಸೂಕ್ಷ್ಮ, ಆಂಪ್ಲಿಫೈಯರಿನ ಒಳಗದ್ದಲವನ್ನೂ ಬಿಡದೆ ಕೇಳಿಸುತ್ತವೆ. ಇದಕ್ಕೆ ದೊಡ್ಡ ಪವರ್ ಬೇಡ, ಗದ್ದಲ ಕಡಿಮೆಯಿರುವ ಲ್ಯಾಪ್‌ಟಾಪಿಗೂ ಇಯರ್‌ಫೋನಿಗೂ ನಡುವೆ ಹಾಕುವ ಸಣ್ಣ ಯುಎಸ್‌ಬಿ ಡಾಂಗಲ್ ಸಾಕು, ಗೇನ್ (ಸದ್ದು ಹಿಗ್ಗಿಸುವ ಮಟ್ಟ) ಲೋ ಇರಲಿ. ಇನ್ನೊಂದು ಸಂಗತಿ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಯಂತ್ರದ ಔಟ್‌ಪುಟ್ ತಾನೇ ಒಡ್ಡುವ ವಿದ್ಯುತ್ ತಡೆ. ನಿಮ್ಮ ಇಯರ್‌ಫೋನಿನ ಇಂಪಿಡೆನ್ಸ್ ಒಂದು ಸ್ವರದಲ್ಲಿ 40 ಓಮ್, ಇನ್ನೊಂದರಲ್ಲಿ 8 ಓಮ್ ಅಂದುಕೊಳ್ಳಿ. 10 ಓಮ್ ಔಟ್‌ಪುಟ್ಟಿಗೆ ಹಾಕಿದರೆ ಮೊದಲನೆಯದು ಸುಮಾರು 1.9 ಡೆಸಿಬಲ್ ತಗ್ಗುತ್ತದೆ, ಎರಡನೆಯದು 7. ಐದು ಡೆಸಿಬಲ್ ವ್ಯತ್ಯಾಸ ಅಂದರೆ ಇಯರ್‌ಫೋನಿನ ಗುಣವೇ ಬದಲಾದ ಹಾಗೆ. ಅದೇ 1 ಓಮ್ ಔಟ್‌ಪುಟ್ಟಿನಲ್ಲಿ ವ್ಯತ್ಯಾಸ 0.8 ಡೆಸಿಬಲ್ ಮಾತ್ರ. ಹಾಗಾಗಿ ಡಾಂಗಲ್ ಕೊಳ್ಳುವಾಗ ಪವರ್ ಅಂಕಿಗಿಂತ ಮೊದಲು ಈ ಅಂಕಿ ನೋಡಿ, 1 ಓಮ್ ಅಥವಾ ಅದಕ್ಕಿಂತ ಕಡಿಮೆ ಇರಲಿ.

4.4 ಎಂಎಂ ಬ್ಯಾಲೆನ್ಸ್ಡ್ ಕೇಬಲನ್ನು (ಎಡ ಬಲಕ್ಕೆ ಬೇರೆ ಬೇರೆ ಮೈನಸ್ ತಂತಿ ಇರುವಂಥದ್ದು) ಅಡಾಪ್ಟರ್ ಹಾಕಿ 3.5 ಎಂಎಂ ತೂತಿಗೆ ಸಿಕ್ಕಿಸಬಹುದು. ತಿರುವುಮುರುವು ಮಾಡಬೇಡಿ: 3.5 ಕೇಬಲನ್ನು 4.4 ಬ್ಯಾಲೆನ್ಸ್ಡ್ ಔಟ್‌ಪುಟ್ಟಿಗೆ ಸೇರಿಸಿದರೆ ಎಡ ಬಲದ ಮೈನಸ್ ತಂತಿಗಳು ಒಂದಾಗಿ ಆಂಪ್ಲಿಫೈಯರ್ ಸುಡಬಹುದು.

ಮುಂದೆ ಯಾವತ್ತಾದರೂ ಕೇಬಲ್ ಬದಲಿಸಿದರೆ, 0.78 ಎಂಎಂ ಎರಡು ಪಿನ್ನಿನದಾದರೆ ನೇರ ಎಳೆದು ನೇರ ಹಾಕಿ, ಅಲ್ಲಾಡಿಸಿದರೆ ಪಿನ್ ಬಾಗುತ್ತದೆ. ಒಂದು ಭಾಗ ಉಲ್ಟಾ ಹಾಕಿದರೆ ಗಾಯಕರ ಧ್ವನಿ ನಡುವೆ ನಿಲ್ಲದೆ ತಲೆಯ ಸುತ್ತ ಚದುರಿಹೋಗುತ್ತದೆ, ಆಗ ಆ ಭಾಗ ತಿರುಗಿಸಿ. ಎಂಎಂಸಿಎಕ್ಸ್ (ಒತ್ತಿ ಕೂರಿಸುವ ಗುಂಡನೆಯ ಕೊಂಡಿ) ಆದರೆ ಉಗುರನ್ನು ಸಂದಿಗಿಟ್ಟು ಎಬ್ಬಿಸಿ, ಪದೇ ಪದೇ ತೆಗೆದು ಹಾಕುವುದರಿಂದಲೇ ಅದು ಸಡಿಲವಾಗುವುದು.

ಗುಗ್ಗೆ ತೆಗೆಯುವಾಗ ಮೂತಿ ಕೆಳಮುಖವಾಗಿರಲಿ, ಒಣ ಮೆತ್ತನೆ ಬ್ರಶ್ಶಿನಿಂದ ಉದುರಿಸಿ. ಸೂಜಿ ಬೇಡ, ಊದುವುದು ಬೇಡ, ಜಾಲರಿಗೆ ಸ್ಪಿರಿಟ್ ಸುರಿಯುವುದು ಬೇಡವೇ ಬೇಡ, ಕರಗಿದ ಗುಗ್ಗೆ ಒಳಗೇ ಇಳಿಯುತ್ತದೆ. ಸಿಲಿಕೋನ್ ಟಿಪ್ ಬಿಚ್ಚಿ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಬೆವರಿದ ಕಿವಿಯಿಂದ ತೆಗೆದದ್ದನ್ನು ಒರೆಸಿ, ಡಬ್ಬಿಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಸೀಲ್ ಸರಿಹೋದ ದಿನ ವಾಲ್ಯೂಮ್ ಹಿಂದಿನಷ್ಟೇ ಇಡಬೇಡಿ. ಹೊರಗಿನ ಗದ್ದಲ ತಗ್ಗಿದ್ದರಿಂದ ಕಡಿಮೆಯೇ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ, 86ಕ್ಕೆ ಬರುವಾಗ ಉಳಿಯುವುದು ಹತ್ತೇ ಗಂಟೆ.

ಮೂತಿಯ ಹೊರವ್ಯಾಸವನ್ನೂ ಈಗ ಹಾಕುತ್ತಿರುವ ಟಿಪ್‌ನ ಹೊರವ್ಯಾಸವನ್ನೂ ಅಳೆದು ಇಲ್ಲಿ ಹಾಕಿ. ಆ ಎರಡು ಅಂಕಿ ಸಿಕ್ಕರೆ ಯಾವ ಟಿಪ್ ತರಿಸಬೇಕು ಅಂತ ನಿಖರವಾಗಿ ಹೇಳಬಹುದು.