ಪಿಇಆರ್ 15ರ ಕೆಳಗಿದ್ದರೆ ಆಟಗಾರ ದಂಡವೇ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರನ್ನು ಪಿಇಆರ್‌ನಂತಹ (ಪ್ಲೇಯರ್ ಎಫಿಶಿಯನ್ಸಿ ರೇಟಿಂಗ್) ದಕ್ಷತೆಯ ಅಂಕಿಗಳಿಂದ ಅಳೆಯುವುದು ನ್ಯಾಯವೇ ಎಂದು ಕೇಳಿದ್ದೀರಿ. 15ಕ್ಕಿಂತ ಕಡಿಮೆ ಇರುವವರೆಲ್ಲ ದಂಡ ಎಂಬುದು ನಿಮ್ಮ ಸ್ನೇಹಿತರ ವಾದವಂತೆ. ಅವರಿಗೆ ಬ್ರೂಸ್ ಬೋವೆನ್ ಹೆಸರನ್ನು ಹೇಳಿ ನೋಡಿ. ಸ್ಯಾನ್ ಆಂಟೋನಿಯೊ ಸ್ಪರ್ಸ್ 2003, 2005 ಮತ್ತು 2007ರಲ್ಲಿ ಪ್ರಶಸ್ತಿ ಗೆದ್ದಾಗ ಎದುರಾಳಿ ತಂಡದ ಅತಿ ಅಪಾಯಕಾರಿ ಆಟಗಾರನಿಗೆ ಅಂಟಿಕೊಂಡೇ ಇರುವ ಕೆಲಸ ಬೋವೆನ್ ಅವರದಾಗಿತ್ತು. 2001ರಿಂದ 2008ರವರೆಗೆ ಒಂದು ವರ್ಷವೂ ತಪ್ಪದೆ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರರ ಪಟ್ಟಿಯಲ್ಲಿದ್ದವರು. ಅವರ ಇಡೀ ವೃತ್ತಿಜೀವನದ ಪಿಇಆರ್ ಹತ್ತರ ಒಳಗೇ ಇದೆ. ಮೂರು ಬಾರಿ ಗೆದ್ದ ತಂಡ ಇಷ್ಟು ವರ್ಷ ಒಬ್ಬ ದಂಡಪಿಂಡವನ್ನು ಸಾಕಿತ್ತೇ?

ಹಾಗೆಂದು ಪಿಇಆರ್ ಅನ್ನು ಕಸದ ಬುಟ್ಟಿಗೆ ಹಾಕಬೇಕೆಂದು ನಾನು ಹೇಳುವುದಿಲ್ಲ. ಬಾಸ್ಕೆಟ್‌ಬಾಲ್ ವಿಶ್ಲೇಷಕ ಜಾನ್ ಹೊಲಿಂಜರ್ ರೂಪಿಸಿದ ಈ ಲೆಕ್ಕದಲ್ಲಿ ಅಂಕ, ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್), ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ (ಎಸೆತ ತಡೆಯುವುದು) ಇವುಗಳನ್ನು ಕೂಡಿ, ತಪ್ಪಿದ ಎಸೆತ, ಕಳೆದುಕೊಂಡ ಚೆಂಡು, ಫೌಲ್‌ಗಳನ್ನು ಕಳೆಯುತ್ತಾರೆ. ಬಂದದ್ದನ್ನು ಆಡಿದ ನಿಮಿಷಕ್ಕೆ ಭಾಗಿಸಿ, ತಂಡದ ಆಟದ ವೇಗಕ್ಕೆ ಸರಿದೂಗಿಸಿ, ಪ್ರತಿ ವರ್ಷ ಲೀಗಿನ ಸರಾಸರಿ 15 ಬರುವಂತೆ ಹೊಂದಿಸುತ್ತಾರೆ. ವೇಗವನ್ನು ಸರಿದೂಗಿಸುವುದೇ ಇದರ ದೊಡ್ಡ ಉಪಕಾರ. 1961–62ರಲ್ಲಿ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. ಆದರೆ ಅವರು ಅಂಕಣದಿಂದ ಹೊರಗೆ ಬಂದದ್ದೇ ಅಪರೂಪ, ಅಂದಿನ ತಂಡಗಳು ಓಡುತ್ತಿದ್ದ ವೇಗವೂ ಬೇರೆ. ಬರಿಯ ಅಂಕದ ಸರಾಸರಿ ಇದನ್ನೆಲ್ಲ ಮುಚ್ಚಿಡುತ್ತದೆ. ಒಂದು ಋತುವಿನ ಪಿಇಆರ್‌ನಲ್ಲಿ ಅವರ ದಾಖಲೆಯನ್ನು ಕೊನೆಗೂ ದಾಟಿದವರಲ್ಲಿ ನಿಕೋಲಾ ಯೋಕಿಚ್ ಒಬ್ಬರು. 2021–22ರಲ್ಲಿ ಅವರದು 32ನ್ನೂ ಮೀರಿತ್ತು, ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರದೇ. ತುತ್ತತುದಿಯಲ್ಲಿ ಈ ಅಂಕಿ ಅಷ್ಟಾಗಿ ಎಡವುವುದಿಲ್ಲ.

ಎಡವುವುದು ಮಧ್ಯದಲ್ಲಿ ಮತ್ತು ಬೆಂಚಿನಲ್ಲಿ. 2015–16ರಲ್ಲಿ ಸ್ಪರ್ಸ್ ಪರ ಆಡಿದ ಬೋಬಾನ್ ಮರ್ಯಾನೋವಿಚ್ ಅವರ ಪಿಇಆರ್ 27 ದಾಟಿ, ಮೈಕೆಲ್ ಜೋರ್ಡನ್ ಅವರ ವೃತ್ತಿಜೀವನದ ಸರಾಸರಿಯ ಹತ್ತಿರ ಬಂದಿತ್ತು! ಏಳಡಿ ನಾಲ್ಕಿಂಚಿನ ಆ ಪುಣ್ಯಾತ್ಮ ಪಂದ್ಯಕ್ಕೆ ಹತ್ತು ನಿಮಿಷವೂ ಆಡುತ್ತಿರಲಿಲ್ಲ. ನಿಮಿಷದ ಲೆಕ್ಕಕ್ಕೆ ಇದು ತಿಳಿಯುವುದಿಲ್ಲ.

ಇನ್ನೊಂದು ದೋಷವನ್ನು ಅರ್ಥಶಾಸ್ತ್ರಜ್ಞ ಡೇವಿಡ್ ಬೆರಿ ಎತ್ತಿ ತೋರಿಸಿದ್ದರು. ಅವರು ಬಿಡಿಸಿಟ್ಟಂತೆ, ಬುಟ್ಟಿಗೆ ಬಿದ್ದ ಎರಡಂಕದ ಎಸೆತಕ್ಕೆ ಪಿಇಆರ್ ಸುಮಾರು 1.65 ಕೊಡುತ್ತದೆ, ತಪ್ಪಿದ ಎಸೆತಕ್ಕೆ ಸುಮಾರು 0.72 ಕಳೆಯುತ್ತದೆ. ಒಬ್ಬ ಹತ್ತು ಸಲ ಎಸೆದು ನಾಲ್ಕು ಮಾತ್ರ ಹಾಕಿದ ಎನ್ನಿ. ಗಳಿಕೆ 6.6, ನಷ್ಟ 4.32. ಅವನ ಖಾತೆಗೆ ಲಾಭವೇ. ತಂಡಕ್ಕೆ ಸಿಕ್ಕಿದ್ದು ಹತ್ತು ಎಸೆತಗಳಿಂದ ಎಂಟು ಅಂಕ, ಇಂದಿನ ಎನ್‌ಬಿಎ ತಂಡವೊಂದು ಅಷ್ಟೇ ಅವಕಾಶಗಳಲ್ಲಿ ಹನ್ನೊಂದರಷ್ಟು ಗಳಿಸುತ್ತದೆ. ಸಿಕ್ಕಿದ ಚೆಂಡನ್ನೆಲ್ಲ ಎಸೆಯುವವನಿಗೆ ಈ ಸೂತ್ರ ಬೆನ್ನು ತಟ್ಟುತ್ತದೆ.

ರಕ್ಷಣೆಗೆ ಬಂದರೆ ಅನ್ಯಾಯ ಇನ್ನೂ ಎದ್ದು ಕಾಣುತ್ತದೆ. ನಮ್ಮ ಕಾಸರಗೋಡಿನಲ್ಲಿ, ಕುಂಬಳೆ, ಉಪ್ಪಳದ ಸುತ್ತಮುತ್ತ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ನಾನು ಅಂಕಪಟ್ಟಿ ಬರೆಯಲು ಕುಳಿತುಕೊಳ್ಳುವುದುಂಟು. ರೈಡರ್ ಒಳಗೆ ನುಗ್ಗುತ್ತಾನೆ. ಬಲ ಕವರ್‌ನ ಹುಡುಗ ಎರಡು ಹೆಜ್ಜೆ ಮುಂದೆ ಬಂದು ನಡುವಿನ ದಾರಿಯನ್ನು ಮುಚ್ಚುತ್ತಾನೆ. ರೈಡರ್ ಇನ್ನೊಂದು ಬದಿಗೆ ಹೊರಳಲೇಬೇಕು. ಅಲ್ಲಿ ಕಾದಿದ್ದ ಎಡ ಕಾರ್ನರ್‌ನವನು ಪಾದಕ್ಕೆ ಬೀಳುತ್ತಾನೆ, ಉಳಿದವರು ಮೇಲೆ ಮುಗಿಬೀಳುತ್ತಾರೆ. ಉದ್ಘೋಷಕರು ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೂಗುವುದು ಪಾದ ಹಿಡಿದವನ ಹೆಸರನ್ನೇ. ನಾನು ಬರೆಯುವುದೂ ಅದನ್ನೇ, ಏಕೆಂದರೆ ಪಟ್ಟಿಯಲ್ಲಿ ದಾರಿ ಮುಚ್ಚಿದವನಿಗೆ ಕಾಲಂ ಇಲ್ಲ. ಅವನು ಚೆನ್ನಾಗಿ ಆಡಿದಷ್ಟೂ ರೈಡರ್ ಅವನ ಕಡೆ ಸುಳಿಯುವುದಿಲ್ಲ, ಅವನ ಹೆಸರಿನ ಮುಂದೆ ಸೊನ್ನೆಯೇ ಉಳಿಯುತ್ತದೆ.

ಎನ್‌ಬಿಎಯಲ್ಲಿ ಸ್ಟೀಲ್ ಮತ್ತು ಬ್ಲಾಕ್‌ಗಳನ್ನು ಅಧಿಕೃತವಾಗಿ ಬರೆದಿಡಲು ಆರಂಭಿಸಿದ್ದೇ 1973–74ರಲ್ಲಿ. ಬಾಸ್ಟನ್ ಸೆಲ್ಟಿಕ್ಸ್‌ಗೆ 13 ಋತುಗಳಲ್ಲಿ 11 ಪ್ರಶಸ್ತಿ ತಂದ, ಎಸೆತ ತಡೆಯುವುದನ್ನೇ ಕಲೆಯಾಗಿಸಿದ ಬಿಲ್ ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. ಅವರ ಒಂದು ಬ್ಲಾಕ್ ಕೂಡ ಅಧಿಕೃತ ಲೆಕ್ಕದಲ್ಲಿಲ್ಲ. ಅವರ ಪಿಇಆರ್ ಎಷ್ಟು ಎಂದು ಕೇಳುವುದೇ ನನಗೆ ಅಸಂಬದ್ಧವಾಗಿ ಕಾಣುತ್ತದೆ. ಪಿಇಆರ್ ರಕ್ಷಣಾ ಆಟವನ್ನು ಪೂರ್ತಿ ಹಿಡಿಯುವುದಿಲ್ಲ ಎಂದು ಹೊಲಿಂಜರ್ ಅವರೇ ಎಚ್ಚರಿಸಿದ್ದರು. ಅವರ ಮಾತು ಯಾರಿಗೂ ಬೇಕಿರಲಿಲ್ಲ, ಸಂಖ್ಯೆ ಬೇಕಿತ್ತು.

‘ಹಾಗಾದರೆ ಕಣ್ಣಿಂದ ನೋಡಿದರೆ ಸಾಕು’ ಎನ್ನುವವರನ್ನು ನಾನು ಇನ್ನೂ ಕಡಿಮೆ ನಂಬುತ್ತೇನೆ. ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಪಿಇಆರ್‌ನ ರೋಗ ಅದಕ್ಕೂ ಇದೆ. ಲೀಗಿನವರು 2013–14ರ ಹೊತ್ತಿಗೆ ಎಲ್ಲ ಕ್ರೀಡಾಂಗಣಗಳಲ್ಲೂ ಚಲನೆ ಹಿಡಿಯುವ ಕ್ಯಾಮೆರಾಗಳನ್ನು ಕೂರಿಸಿದರು. ಎಸೆಯುವವನ ಮುಂದೆ ಕೈ ಚಾಚಿದ್ದು, ಚೆಂಡಿಗೆ ಬೆರಳು ತಾಗಿಸಿ ದಿಕ್ಕು ತಪ್ಪಿಸಿದ್ದು ಇತ್ಯಾದಿಗಳನ್ನೂ ಈಗ ಎಣಿಸುತ್ತಾರೆ. ಮದ್ದು ಇನ್ನಷ್ಟು ಎಣಿಕೆಯೇ ಎಂಬುದು ನನ್ನ ಅಭಿಪ್ರಾಯ.

ಸ್ನೇಹಿತರು ಮತ್ತೆ ವಾದಕ್ಕೆ ಬಂದರೆ ಮೊದಲು ಆ ಆಟಗಾರ ಎಷ್ಟು ನಿಮಿಷ ಆಡಿದ್ದಾನೆಂದು ಕೇಳಿ. ಆಮೇಲೆ ಅವನು ಅಂಕಣದಲ್ಲಿದ್ದಾಗ ಮತ್ತು ಹೊರಗಿದ್ದಾಗ ಎದುರಾಳಿ ಗಳಿಸಿದ ಅಂಕಗಳ ವ್ಯತ್ಯಾಸವನ್ನು ತೆಗೆಸಿ. ಒಂದೇ ಋತುವಿನದು ಸಾಲದು, ಜೊತೆಗಾರರ ಪುಣ್ಯವೂ ಅದರಲ್ಲಿ ಬೆರೆತಿರುತ್ತದೆ, ಎರಡು ಮೂರು ವರ್ಷಗಳದ್ದು ಬೇಕು. ಇಷ್ಟು ನೋಡಿದ ಮೇಲೂ ಅವರು ದಂಡ ಎಂದರೆ, ಆಗ ನಾನೂ ಬಹುಶಃ ಒಪ್ಪುತ್ತೇನೆ.